ನೆಟ್ ಇಲ್ದೇ ಓಪನ್ ಆಗದ ಗೇಮ್‌ಗಳು: ದುಡ್ಡು ಕೊಡೋ ಮುಂಚೆ ಕಂಡುಹಿಡಿಯೋದು ಹೇಗೆ, ಆ ಬೀಗ ನಿಜಕ್ಕೂ ಕೆಲಸ ಮಾಡತ್ತಾ

ಒಂದ್ಸಲ ನಾಲ್ಕು ದಿನ ನೆಟ್ ಇರ್ಲಿಲ್ಲ. ರಜಾ ಬೇರೆ ಇತ್ತು, ಸರಿ ಅಂತ ಪೂರ್ತಿ ದುಡ್ಡು ಕೊಟ್ಟು ತಗೊಂಡು ಇಟ್ಟಿದ್ದ ಒಂದು ಗೇಮ್ ಓಪನ್ ಮಾಡ್ದೆ. ಒಬ್ರೇ ಆಡೋ ಕಥೆ ಗೇಮು, ಬೇರೆ ಯಾವ ಪ್ಲೇಯರ್ ಜೊತೆಗೂ ಅದಕ್ಕೆ ಸಂಬಂಧ ಇಲ್ಲ, ಆದ್ರೂ ಮೆನು ಬರೋಕೂ ಮುಂಚೇನೇ ಸರ್ವರ್ ಸಿಗ್ತಿಲ್ಲ ಅಂತ ಒಂದು ಮೆಸೇಜ್ ತೋರ್ಸಿ ಕ್ಲೋಸ್ ಆಯ್ತು. ನಾಲ್ಕು ದಿನಾನೂ ಅದೇ ಕಥೆ. ಆಡೋಕಾಗಿಲ್ಲ ಅನ್ನೋದಕ್ಕಿಂತ ಜಾಸ್ತಿ ಹೊಟ್ಟೆ ಉರಿದಿದ್ದು ತಗೊಳ್ಳೋವಾಗ ಈ ವಿಷಯ ಗೊತ್ತೇ ಇರ್ಲಿಲ್ವಲ್ಲ ಅಂತ, ಆಮೇಲೆ ಹುಡುಕಿದ್ರೆ ಸ್ಟೋರ್ ಪೇಜಿನ ತೀರಾ ಕೆಳಗೆ ಒಂದೇ ಒಂದು ಸಾಲು ಇತ್ತು. ಆವತ್ತಿಂದ ಯಾವ ಗೇಮ್ ತಗೊಂಡ್ರೂ ಒಂದಿಷ್ಟು ಚೆಕ್ ಮಾಡ್ದೇ ತಗೊಳ್ಳಲ್ಲ. ಆ ಚೆಕ್ ಎಲ್ಲಾನೂ ಇಲ್ಲಿ ಬರೀತಿದೀನಿ, ಜೊತೆಗೆ ಈ ಆಲ್ವೇಸ್ ಆನ್‌ಲೈನ್ ಬೀಗ, ಅಂದ್ರೆ ಯಾವಾಗ್ಲೂ ನೆಟ್ ಇರ್ಲೇಬೇಕು ಅನ್ನೋ ವ್ಯವಸ್ಥೆ, ಪೈರಸಿ ತಡೆಯತ್ತಾ ಇಲ್ವಾ ಅನ್ನೋದನ್ನೂ ಹೇಳ್ತೀನಿ, ಯಾಕಂದ್ರೆ ಅದು ಹೇಗೆ ಕೆಲಸ ಮಾಡತ್ತೆ ಅಂತ ಅರ್ಥ ಆದ್ರೆ ಏನು ಚೆಕ್ ಮಾಡ್ಬೇಕು ಅನ್ನೋದು ತಾನಾಗೇ ಹೊಳಿಯತ್ತೆ.

ಮೊದ್ಲು ಬೀಗ ಯಾವ ಥರದ್ದು ಅಂತ ತಿಳ್ಕೊಳ್ಳಿ

ದುಡ್ಡು ಕೊಡದೇ ಕಾಪಿ ಮಾಡಿ ಆಡೋದನ್ನ ತಡೆಯೋಕೆ ಹಾಕೋ ಈ ಬೀಗಕ್ಕೆ ಎಲ್ಲಾರೂ ಡಿಆರ್‌ಎಂ ಡಿಆರ್‌ಎಂ ಅಂತ ಒಂದೇ ಹೆಸರು ಹೇಳ್ತಾರೆ ಆದ್ರೆ ಒಳಗೆ ನಾಲ್ಕೈದು ಬೇರೆ ಬೇರೆ ಸಾಮಾನು ಇದೆ. ತೀರಾ ಹಗುರದ್ದು ಅಂದ್ರೆ ಇನ್‌ಸ್ಟಾಲ್ ಮಾಡಿದಾಗ ಒಂದ್ಸಲ ಸರ್ವರ್ ಹತ್ರ ಕೇಳಿ ಆಮೇಲೆ ಸುಮ್ನಿರೋದು. ಅದರ ಮೇಲಿಂದು ಲಾಂಚರ್, ಅಂದ್ರೆ ಗೇಮ್ ಮಾರೋ, ಓಪನ್ ಮಾಡೋ ಸ್ಟೀಮ್ ಥರದ ಆ್ಯಪ್, ಲಾಗಿನ್ ಆಗಿರ್ಬೇಕು ಅನ್ನತ್ತೆ ಆದ್ರೆ ಆಫ್‌ಲೈನ್ ಮೋಡ್ ಕೊಟ್ಟಿರತ್ತೆ. ಆಮೇಲೆ ಡೆನುವೊ ಥರದ್ದು, 2014ರಲ್ಲಿ ಫಿಫಾ 15, ಲಾರ್ಡ್ಸ್ ಆಫ್ ದ ಫಾಲನ್ ಗೇಮ್‌ಗಳ ಜೊತೆ ಬಂತು, ಇದು ನಿಮ್ಮ ಮಷೀನಿನ ಹಾರ್ಡ್‌ವೇರ್ ಗುರುತು ನೋಡಿ ಅದಕ್ಕೆ ಅಂತಾನೇ ಸರ್ವರಿಂದ ಒಂದು ಟೋಕನ್, ಅಂದ್ರೆ ಅನುಮತಿ ಚೀಟಿ, ಇಸ್ಕೊಂಡು ಬರತ್ತೆ, ಟೋಕನ್ ಇರೋವರೆಗೂ ನೆಟ್ ಬೇಡ, ಆದ್ರೆ ಹಾರ್ಡ್‌ವೇರ್ ಬದಲಾದ್ರೆ ಅಥವಾ ಗೇಮ್ ಅಪ್‌ಡೇಟ್ ಆದ್ರೆ ಮತ್ತೆ ಸರ್ವರ್ ಹತ್ರ ಹೋಗ್ಬೇಕಾಗ್ಬೋದು.

ನಿಜವಾದ ಆಲ್ವೇಸ್ ಆನ್‌ಲೈನ್ ಶುರುವಾಗೋದು ಇದಾದ್ಮೇಲೆ, ಅದರಲ್ಲೂ ಎರಡು ಥರ ಇದೆ, ಈ ಎರಡರ ವ್ಯತ್ಯಾಸ ಗೊತ್ತಾಗೋದೇ ಮುಖ್ಯ. ಒಂದು, ಗೇಮ್ ಪೂರ್ತಿ ನಿಮ್ಮ ಮಷೀನಲ್ಲೇ ಓಡತ್ತೆ, ಆದ್ರೆ ಆಗಾಗ ಸರ್ವರಿಗೆ ನಾನಿದೀನಿ ನಾನಿದೀನಿ ಅಂತ ಒಂದು ಸಿಗ್ನಲ್ ಕಳಿಸ್ತಾ ಇರತ್ತೆ, ಉತ್ತರ ಬರ್ಲಿಲ್ಲ ಅಂದ್ರೆ ನಿಂತ್ಬಿಡತ್ತೆ. ಇನ್ನೊಂದ್ರಲ್ಲಿ ಗೇಮಿನ ಒಂದು ಭಾಗಾನೇ ಸರ್ವರಲ್ಲಿರತ್ತೆ, ಶತ್ರು ಎಲ್ಲಿ ಬರ್ಬೇಕು, ಸತ್ತಾಗ ಯಾವ ಐಟಮ್ ಬೀಳ್ಬೇಕು, ನಿಮ್ಮ ಕ್ಯಾರೆಕ್ಟರ್ ಲೆವೆಲ್ ಎಷ್ಟು, ಇದೆಲ್ಲಾ ಅಲ್ಲೇ ಲೆಕ್ಕ ಆಗಿ ನಿಮ್ಮ ಸ್ಕ್ರೀನಿಗೆ ಬರತ್ತೆ. ಮೊದಲನೇದು ಬಾಗಿಲಿಗೆ ಹಾಕಿದ ಬೀಗ, ಎರಡನೇದ್ರಲ್ಲಿ ಮನೆಯ ಅರ್ಧ ಭಾಗಾನೇ ಅವರ ಹತ್ರ ಇದೆ.

ಹಾಗಾದ್ರೆ ಕೆಲಸ ಮಾಡತ್ತಾ

ಬಾಗಿಲ ಬೀಗ ಮಾತ್ರ ಇದ್ದ ಕಡೆ ಅದು ಹೆಚ್ಚು ದಿನ ನಿಂತಿಲ್ಲ. 2010ರ ಮಾರ್ಚಲ್ಲಿ ಯೂಬಿಸಾಫ್ಟ್ ಅನ್ನೋ ಗೇಮ್ ಕಂಪ್ನಿ ಪಿಸಿಗೆ ಅಸಾಸಿನ್ಸ್ ಕ್ರೀಡ್ 2 ತಂದಾಗ ನೆಟ್ ಕಂಟಿನ್ಯೂ ಇರ್ಲೇಬೇಕು ಅನ್ನೋ ವ್ಯವಸ್ಥೆ ಹಾಕಿತ್ತು, ಕನೆಕ್ಷನ್ ಕಟ್ಟಾದ್ರೆ ಆಟ ಅಲ್ಲೇ ನಿಲ್ತಿತ್ತು. ಗೇಮ್ ಬಂದು ಕೆಲವೇ ದಿನಕ್ಕೆ ಅವರ ಸರ್ವರ್ ಮೇಲೆ ಅಟ್ಯಾಕ್ ಆಯ್ತು, ದುಡ್ಡು ಕೊಟ್ಟು ತಗೊಂಡಿದ್ದೋರು ಆಡೋಕಾಗ್ದೇ ಕೂತ್ರು. ಗೇಮಿಗೆ ಬೇಕಾದ ಕೆಲವು ಮಾಹಿತೀನ ಸರ್ವರಿಂದ ಕಳಿಸೋ ಹಾಗೆ ಮಾಡಿದ್ರಿಂದ ಕ್ರ್ಯಾಕ್ ಮಾಡೋರಿಗೆ, ಅಂದ್ರೆ ಬೀಗ ಒಡೆಯೋರಿಗೆ, ಒಂದಷ್ಟು ವಾರ ಹಿಡೀತು, ಏಪ್ರಿಲ್ ಹೊತ್ತಿಗೆ ಅದೂ ಮುಗೀತು. ಆಮೇಲೆ ಲೆಕ್ಕ ಹಾಕಿ ನೋಡಿ, ಕ್ರ್ಯಾಕ್ ಇಳಿಸ್ಕೊಂಡೋನು ನೆಟ್ ಇದ್ರೂ ಇಲ್ದಿದ್ರೂ ಆಡ್ತಾನೆ, ಬಿಲ್ ಇರೋನು ಮಾತ್ರ ಸರ್ವರ್ ಮುಖ ನೋಡ್ಕೊಂಡು ಕೂರ್ಬೇಕು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ ಅಂತಾರಲ್ಲ, ಅದೇ. 2012ರ ಸೆಪ್ಟೆಂಬರಲ್ಲಿ ಯೂಬಿಸಾಫ್ಟೇ ಬಹಿರಂಗವಾಗಿ ಹೇಳ್ತು, ಪಿಸಿ ಗೇಮ್‌ಗಳಿಗೆ ಈ ಕಂಟಿನ್ಯೂ ಕನೆಕ್ಷನ್ ನಿಯಮ ಬಿಟ್ಟಿದೀವಿ, ಇನ್‌ಸ್ಟಾಲ್ ಮಾಡುವಾಗ ಒಂದ್ಸಲ ಆಕ್ಟಿವೇಟ್ ಮಾಡಿದ್ರೆ ಸಾಕು ಅಂತ.

ಸಿಮ್‌ಸಿಟಿ ಕಥೆ ಇನ್ನೂ ಪಾಠ ಆಗೋ ಅಂಥದ್ದು. 2013ರ ಮಾರ್ಚಲ್ಲಿ ಬಂತು, ಒಬ್ರೇ ಕೂತು ಊರು ಕಟ್ಟೋ ಗೇಮಿಗೆ ಸರ್ವರ್ ಕಡ್ಡಾಯ. ಮೊದಲ ದಿನಗಳಲ್ಲಿ ಸರ್ವರ್ ಎಷ್ಟು ಕುಸೀತು ಅಂದ್ರೆ ಅಮೆಜಾನ್ ಸ್ವಲ್ಪ ಹೊತ್ತು ಅದರ ಡೌನ್‌ಲೋಡ್ ಮಾರಾಟಾನೇ ನಿಲ್ಲಿಸ್ತು, ಲೋಡ್ ಕಮ್ಮಿ ಮಾಡೋಕೆ ಅಂತ ಗೇಮೊಳಗಿನ ಅತೀ ವೇಗದ ಮೋಡನ್ನೇ ಆಫ್ ಮಾಡಿದ್ರು, ಗೇಮ್ ಹೊರತಂದ ಇಎ ಕಂಪ್ನಿ, ತಗೊಂಡಿದ್ದೋರಿಗೆಲ್ಲ ಇನ್ನೊಂದು ಗೇಮ್ ಫ್ರೀಯಾಗಿ ಕೊಡ್ತು. ಸಿಟಿಯ ಲೆಕ್ಕಾಚಾರದ ದೊಡ್ಡ ಭಾಗ ನಮ್ಮ ಸರ್ವರಲ್ಲೇ ನಡಿಯತ್ತೆ, ಅದಕ್ಕೆ ಆಫ್‌ಲೈನ್ ಸುಲಭ ಅಲ್ಲ ಅಂತ ಡೆವಲಪರ್ ಕಡೆಯಿಂದ ಹೇಳಿದ್ರು. ಕೆಲವೇ ದಿನದಲ್ಲಿ ಒಬ್ಬ ಮಾಡರ್ (ಗೇಮಿನ ಕೋಡ್ ತಿದ್ದೋ ಹವ್ಯಾಸಿ), ನೆಟ್ ಹೋಗಿ ಸುಮಾರು 20 ನಿಮಿಷಕ್ಕೆ ಗೇಮ್ ಹೊರಗೆ ಹಾಕೋ ಟೈಮರನ್ನ ಆಫ್ ಮಾಡಿ ತೋರಿಸ್ದ, ಊರು ತನ್ನ ಪಾಡಿಗೆ ತಾನು ಓಡ್ತಾನೇ ಇತ್ತು. 2014ರ ಮಾರ್ಚಲ್ಲಿ ಅಂದ್ರೆ ಒಂದು ವರ್ಷ ಆದ್ಮೇಲೆ ಅಧಿಕೃತ ಆಫ್‌ಲೈನ್ ಮೋಡ್ ಬಂತು. ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಯ್ತು, ಅಷ್ಟೊತ್ತಿಗೆ ಆಡ್ಬೇಕು ಅಂದ್ಕೊಂಡಿದ್ದೋರೆಲ್ಲ ಬೇರೆ ಕಡೆ ಹೋಗಿದ್ರು.

ಈ 20 ನಿಮಿಷ ನೆನಪಿಟ್ಕೊಳ್ಳಿ, ಮುಂದೆ ಟೆಸ್ಟ್ ಮಾಡುವಾಗ ಬೇಕಾಗತ್ತೆ.

ಈಗ ಇನ್ನೊಂದು ಕಡೆಯದ್ದು. ಡಯಾಬ್ಲೊ 3, 2012ರ ಮೇ 15ಕ್ಕೆ ಬಂತು, ಮೊದಲ ದಿನ ಲಾಗಿನ್ ಆಗೋಕೆ ಹೋದೋರಿಗೆಲ್ಲ ಸರ್ವರ್ ಬ್ಯುಸಿ ಅನ್ನೋ ಎರರ್ 37, ದಕ್ಷಿಣ ಕೊರಿಯಾದಲ್ಲಿ ಫೇರ್ ಟ್ರೇಡ್ ಕಮಿಷನ್ ತನಿಖೆ ತನಕ ಹೋಗಿ ಅಲ್ಲಿ ಗೇಮ್ ಮಾಡಿದ ಬ್ಲಿಝರ್ಡ್ ಕಂಪ್ನಿ ರೀಫಂಡ್ ಕೊಡೋ ಹಾಗಾಯ್ತು. ಇಷ್ಟಾದ್ರೂ ಮೊದಲ 24 ಗಂಟೇಲಿ 35 ಲಕ್ಷಕ್ಕೂ ಹೆಚ್ಚು ಕಾಪಿ ಹೋಯ್ತು. ಪೈರಸಿ ವಿಷಯಕ್ಕೆ ಬಂದ್ರೆ ಇದು ಗಟ್ಟಿ ನಿಂತ ಬೀಗ ಅಂತ ಒಪ್ಕೊಳ್ಳಲೇಬೇಕು, ಯಾಕಂದ್ರೆ ಶತ್ರು, ಐಟಮ್, ಕ್ಯಾರೆಕ್ಟರ್ ಲೆಕ್ಕ ಎಲ್ಲ ಸರ್ವರಲ್ಲಿತ್ತು, ಒಂದು ಫೈಲ್ ಬದಲಾಯಿಸಿ ತೆರೆಯೋ ಬೀಗ ಅಲ್ಲ, ಸರ್ವರ್ ಮಾಡೋ ಕೆಲಸಾನೆಲ್ಲ ಹೊಸದಾಗಿ ಬರೀಬೇಕು. ಅದೇ ಗೇಮ್ 2013ರಲ್ಲಿ ಪ್ಲೇಸ್ಟೇಷನ್ 3 ಮತ್ತೆ ಎಕ್ಸ್‌ಬಾಕ್ಸ್ 360ಗೆ ಬಂದಾಗ ನೆಟ್ ಇಲ್ದೇ ಆರಾಮಾಗಿ ಓಡ್ತು. ಅಂದ್ರೆ ಗೇಮಿಗೆ ಸರ್ವರ್ ಬೇಕೇ ಬೇಕು ಅಂತೇನಿರ್ಲಿಲ್ಲ, ಪಿಸಿಲಿ ಹಾಗೆ ಕಟ್ಟೋಣ ಅಂತ ಕಂಪ್ನಿ ತೀರ್ಮಾನ ಮಾಡಿತ್ತು.

ಇಲ್ಲೇ ನಾನು ಹೇಳ್ಬೇಕು ಅಂದ್ಕೊಂಡಿರೋ ಮುಖ್ಯ ಮಾತು ಇರೋದು. ಬೀಗ ಗಟ್ಟಿ ಆಗೋದೇ ಗೇಮಿನ ಭಾಗ ಸರ್ವರಿಗೆ ಹೋದಾಗ, ಆದ್ರೆ ಭಾಗ ಅಲ್ಲಿಗೆ ಹೋಯ್ತು ಅಂದ್ರೆ ಸರ್ವರ್ ನಿಂತ ದಿನ ನಿಮ್ಮ ಗೇಮೂ ನಿಲ್ಲತ್ತೆ. ಇವೆರಡೂ ಒಂದೇ ನಾಣ್ಯದ ಎರಡು ಮುಖ, ಒಂದನ್ನ ಬಿಟ್ಟು ಇನ್ನೊಂದು ಸಿಗಲ್ಲ. ಪೈರಸಿಗೆ ಚೆನ್ನಾಗಿ ತಡೆ ಕೊಡತ್ತೆ ಅಂತ ಯಾವುದಾದ್ರೂ ಆಲ್ವೇಸ್ ಆನ್‌ಲೈನ್ ಗೇಮ್ ಬಗ್ಗೆ ಕೇಳಿದ್ರೆ ಅದಕ್ಕೊಂದು ಕೊನೆ ದಿನ ಇದೆ ಅಂತಾನೂ ಅರ್ಥ ಮಾಡ್ಕೊಳ್ಳಿ. ಇಎನ ಡಾರ್ಕ್‌ಸ್ಪೋರ್ 2011ರಲ್ಲಿ ಬಂದಿದ್ದು, ಒಬ್ರೇ ಆಡೋಕೂ ಸರ್ವರ್ ಬೇಕಿತ್ತು, 2016ರ ಮಾರ್ಚಲ್ಲಿ ಸರ್ವರ್ ನಿಂತ್ಮೇಲೆ ಡಿಸ್ಕ್ ಇದ್ದೋರ ಹತ್ರ ಉಳಿದಿದ್ದು ಡಿಸ್ಕ್ ಮಾತ್ರ.

ಕಂಪ್ನಿಗಳ ಕಡೆಯಿಂದ ನ್ಯಾಯವಾಗಿ ಒಂದು ಮಾತು ಹೇಳ್ಬೇಕು, ಅವರ ಭಯ ಸುಳ್ಳಲ್ಲ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಡೆನುವೊ ಹಾಕಿದ ಪಿಸಿ ಗೇಮ್‌ಗಳನ್ನ ನೋಡಿ ಹೇಳಿದ್ದು ಏನಂದ್ರೆ, ರಿಲೀಸ್ ಆದ ತಕ್ಷಣ ಕ್ರ್ಯಾಕ್ ಆದ್ರೆ ಸರಾಸರಿ 20% ಆದಾಯ ಹೋಗತ್ತೆ, 12 ವಾರ ತಡ್ಕೊಂಡ್ರೆ ಆಮೇಲೆ ಕ್ರ್ಯಾಕ್ ಆದ್ರೂ ಹೆಚ್ಚುಕಮ್ಮಿ ಏನೂ ಹೋಗಲ್ಲ. ಗೇಮ್ ಮಾರಾಟ ಮೊದಲ ಕೆಲವು ವಾರದಲ್ಲೇ ಜಾಸ್ತಿ ಆಗೋದು, ಅದಕ್ಕೆ ಹೀಗೆ. ಹಾಗಿದ್ರೆ ಮೂರು ತಿಂಗಳಾದ್ಮೇಲೆ ಬೀಗ ತೆಗೀಬೋದಲ್ವಾ? ಕೆಲವರು ತೆಗೀತಾರೆ ಕೂಡ, ಅಂಥೋರನ್ನ ನಾನು ಮೆಚ್ಕೋತೀನಿ. ಬಹಳ ಕಡೆ ಮಾತ್ರ ಮಾರಾಟ ಮುಗಿದು ವರ್ಷಗಳಾದ್ರೂ ಹಾಗೇ ಬಿಟ್ಟಿರ್ತಾರೆ, ಕಾಯೋಕೆ ಏನೂ ಉಳಿದಿಲ್ದಿದ್ರೂ ತೊಂದ್ರೆ ಮಾತ್ರ ಉಳ್ಕೊಳ್ಳತ್ತೆ. 2021ರ ನವೆಂಬರಲ್ಲಿ ಡೆನುವೊ ಬಳಸ್ತಿದ್ದ ಒಂದು ವೆಬ್ ಡೊಮೈನಲ್ಲಿ ತೊಂದ್ರೆ ಆಗಿ ಹಲವಾರು ಗೇಮ್‌ಗಳು ಕೆಲವು ಗಂಟೆ ಓಪನ್ನೇ ಆಗ್ಲಿಲ್ಲ, ಅವು ಆಲ್ವೇಸ್ ಆನ್‌ಲೈನ್ ಅಂತ ಕರೆಸ್ಕೊಳ್ಳೋ ಗೇಮ್‌ಗಳೂ ಅಲ್ಲ. ಅದೇ ವರ್ಷ ರೆಸಿಡೆಂಟ್ ಈವಿಲ್ ವಿಲೇಜ್ ಪಿಸಿಲಿ ಕೆಲವು ಕಡೆ ತಡವರಿಸ್ತಿತ್ತು, ಕ್ರ್ಯಾಕ್ ಆದ ಕಾಪಿ ಅದಕ್ಕಿಂತ ನುಣ್ಣಗೆ ಓಡ್ತಿದೆ ಅಂತ ಜನ ತೋರಿಸಿದ್ಮೇಲೆ ಕ್ಯಾಪ್‌ಕಾಮ್ ಪ್ಯಾಚ್ ಬಿಟ್ಟು ಸರಿ ಮಾಡ್ತು.

ತಗೊಳ್ಳೋ ಮುಂಚೆ ಎಲ್ಲಿ ನೋಡ್ಬೇಕು

ಸಿಂಗಲ್ ಪ್ಲೇಯರ್ ಅಂತ ಬರೆದಿದೆ ಅಂದ್ರೆ ಆಫ್‌ಲೈನ್ ಅಂತಲ್ಲ, ಇದನ್ನ ಮೊದ್ಲು ತಲೇಲಿ ಇಟ್ಕೊಳ್ಳಿ, ಅರ್ಧ ಜನ ಮೋಸ ಹೋಗೋದು ಇಲ್ಲೇ. ಸ್ಟೀಮಲ್ಲಾದ್ರೆ ಪೇಜಿನ ಬಲಗಡೆ ಫೀಚರ್‌ಗಳ ಪಟ್ಟಿ ಕೆಳಗೆ ಒಂದು ಬಣ್ಣದ ಬಾಕ್ಸ್ ಇರತ್ತೆ, ಥರ್ಡ್ ಪಾರ್ಟಿ ಡಿಆರ್‌ಎಂ ಇದೆ, ಬೇರೆ ಅಕೌಂಟ್ ಬೇಕು ಅನ್ನೋದು ಇದ್ರೆ ಅಲ್ಲಿ ಬರೆದಿರ್ತಾರೆ. ಆಮೇಲೆ ಕೆಳಗಿಳಿದು ಸಿಸ್ಟಂ ರಿಕ್ವೈರ್ಮೆಂಟ್ಸ್ ಪೂರ್ತಿ ಓದಿ, ಗ್ರಾಫಿಕ್ಸ್ ಕಾರ್ಡ್ ನೋಡಿ ವಾಪಸ್ ಬರ್ಬೇಡಿ, ನೆಟ್‌ವರ್ಕ್ ಅಂತ ಒಂದು ಸಾಲು ಇರತ್ತೆ, ಅಡಿಷನಲ್ ನೋಟ್ಸ್ ಅಂತ ಇನ್ನೊಂದು ಇರತ್ತೆ, ಇಂಟರ್ನೆಟ್ ಕನೆಕ್ಷನ್ ರಿಕ್ವೈರ್ಡ್ ಅನ್ನೋದನ್ನ ಇಟ್ಟಿರೋದು ಅಲ್ಲೇ. ಪ್ಲೇಸ್ಟೇಷನ್ ಸ್ಟೋರಲ್ಲಿ ಆನ್‌ಲೈನ್ ಪ್ಲೇ ರಿಕ್ವೈರ್ಡ್ ಇದೆಯಾ ಆಪ್ಷನಲ್ ಇದೆಯಾ ನೋಡಿ. ಡಿಸ್ಕ್ ತಗೋತಿದ್ರೆ ಡಬ್ಬಿ ಹಿಂದಿನ ಚಿಕ್ಕಕ್ಷರ ಓದಿ, ಡಿಸ್ಕ್ ಕೈಲಿದೆ ಅಂದ್ರೆ ಗೇಮ್ ಕೈಲಿದೆ ಅಂತ ಈಗ ಹೇಳೋಕಾಗಲ್ಲ.

ಸ್ಟೋರ್ ಪೇಜ್ ಅರ್ಧ ಸತ್ಯ ಹೇಳತ್ತೆ, ಉಳಿದರ್ಧಕ್ಕೆ ಪಿಸಿ ಗೇಮಿಂಗ್ ವಿಕಿ ಅನ್ನೋ ಸೈಟಿಗೆ ಹೋಗಿ ಗೇಮ್ ಹೆಸರು ಹುಡುಕಿ. ಮೇಲ್ಗಡೇನೇ ಒಂದು ಟೇಬಲ್ ಇರತ್ತೆ, ಯಾವ್ಯಾವ ಸ್ಟೋರಲ್ಲಿ ಸಿಗತ್ತೆ, ಪ್ರತೀ ಸ್ಟೋರಿನ ಕಾಪೀಲಿ ಯಾವ ಡಿಆರ್‌ಎಂ ಇದೆ ಅಂತ ಬೇರೆ ಬೇರೆಯಾಗಿ ಕೊಟ್ಟಿರ್ತಾರೆ, ಒಂದೇ ಗೇಮ್ ಒಂದು ಸ್ಟೋರಲ್ಲಿ ಬೀಗ ಇಲ್ದೇ ಇನ್ನೊಂದ್ರಲ್ಲಿ ಬೀಗ ಹಾಕಿ ಇರೋದು ಸಾಮಾನ್ಯ. ಸೇವ್ ಫೈಲ್ ಯಾವ ಫೋಲ್ಡರಲ್ಲಿ ಬೀಳತ್ತೆ ಅನ್ನೋದೂ ಅಲ್ಲೇ ಸಿಗತ್ತೆ. ಸೇವ್ ಜಾಗ ಸರ್ವರ್ ಅಂತ ಇದ್ರೆ ಅಲ್ಲಿಗೆ ಉತ್ತರ ಸಿಕ್ಕಿತು, ಬೇರೆ ಏನೂ ಓದೋ ಅವಶ್ಯಕತೆ ಇಲ್ಲ. ಇದಾದ್ಮೇಲೆ ಪ್ಲೇಯರ್‌ಗಳು ಚರ್ಚೆ ಮಾಡೋ ಕಡೆ ಗೇಮ್ ಹೆಸರಿನ ಜೊತೆ ಆಫ್‌ಲೈನ್ ಅಂತ ಸೇರಿಸಿ ಹುಡುಕಿ, ಹೊಸ ಪೋಸ್ಟ್‌ಗಳನ್ನ ಓದಿ, ಯಾಕಂದ್ರೆ ಇದು ಅಪ್‌ಡೇಟಲ್ಲಿ ಬದಲಾಗತ್ತೆ. ರೆಡ್‌ಫಾಲ್ 2023ರಲ್ಲಿ ಬಂದಾಗ ಒಬ್ರೇ ಆಡೋಕೂ ನೆಟ್ ಬೇಕಿತ್ತು, 2024ರ ಮೇ ಕೊನೇಲಿ ಬಂದ ಅಪ್‌ಡೇಟಲ್ಲಿ ಆಫ್‌ಲೈನ್ ಮೋಡ್ ಸಿಕ್ತು, ಹಳೇ ರಿವ್ಯೂ ಮಾತ್ರ ಓದಿದ್ರೆ ಅದು ಗೊತ್ತಾಗ್ತಿರ್ಲಿಲ್ಲ.

ಬೀಗ ಇಲ್ದಿರೋದೇ ಬೇಕು ಅಂದ್ರೆ ಜಿಒಜಿ ಸ್ಟೋರ್ ಮೊದ್ಲು ನೋಡಿ, 2008ರಿಂದ ಡಿಆರ್‌ಎಂ ಇಲ್ಲ ಅನ್ನೋದೇ ಅವರ ವ್ಯಾಪಾರ, ಆಫ್‌ಲೈನ್ ಇನ್‌ಸ್ಟಾಲರ್ ಫೈಲ್ ಇಳಿಸ್ಕೊಂಡು ನೀವೇ ಇಟ್ಕೋಬೋದು. ಅಲ್ಲೂ ಕಣ್ಣು ಮುಚ್ಚಿ ತಗೋಬೇಡಿ. 2016ರ ಹಿಟ್‌ಮ್ಯಾನ್ ಗೇಮನ್ನ 2021ರಲ್ಲಿ ಅಲ್ಲಿ ಹಾಕಿದ್ರು, ನೆಟ್ ಇಲ್ದಿದ್ರೆ ಅದರ ಬಹಳಷ್ಟು ಪ್ರೋಗ್ರೆಸ್ ಸಿಗ್ತಿರ್ಲಿಲ್ಲ, ಕೊಂಡೋರು ಸಿಟ್ಟಾಗಿ ರಿವ್ಯೂ ಬರೆದ್ರು, ಕೆಲವೇ ವಾರದಲ್ಲಿ ಸ್ಟೋರೇ ಅದನ್ನ ತೆಗೀತು. ಕೊಂಡೋರು ಬಾಯಿ ಬಿಟ್ರೆ ಕೆಲಸ ಆಗತ್ತೆ ಅನ್ನೋದಕ್ಕೆ ನನಗೆ ತುಂಬಾ ಖುಷಿ ಕೊಟ್ಟ ಉದಾಹರಣೆ ಇದು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ 24 ಗಂಟೆಗೊಮ್ಮೆ ನೆಟ್ ಚೆಕ್ ಕಡ್ಡಾಯ ಅಂತ ಮೈಕ್ರೋಸಾಫ್ಟ್ ಹೇಳಿದ್ದನ್ನ ಜೂನ್ 19ಕ್ಕೆ, ಕನ್ಸೋಲ್ ಮಾರ್ಕೆಟ್ಟಿಗೆ ಬರೋಕೂ ಮುಂಚೇನೇ ವಾಪಸ್ ತಗೊಂಡಿದ್ದೂ ಇದೇ ಕಾರಣಕ್ಕೆ.

ತಗೊಂಡ್ಮೇಲೆ ರೀಫಂಡ್ ಟೈಮ್ ಮುಗಿಯೋದ್ರೊಳಗೆ ಟೆಸ್ಟ್ ಮಾಡಿ

ಎಷ್ಟೇ ಓದಿದ್ರೂ ಕೇಬಲ್ ಕಿತ್ತು ನೋಡೋದಕ್ಕೆ ಸಮ ಯಾವುದೂ ಇಲ್ಲ. ಸ್ಟೀಮಲ್ಲಿ ತಗೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಮ್ಮಿ ಇದ್ರೆ ದುಡ್ಡು ವಾಪಸ್ ಕೊಡ್ತಾರೆ, ಜಿಒಜಿಲಿ 30 ದಿನ. ಆ 2 ಗಂಟೆ ಟೆಸ್ಟಿಗೇ ಅಂತ ಪ್ಲಾನ್ ಮಾಡಿ ಬಳಸಿ, ಸುಮ್ನೆ ಕಥೆ ನೋಡ್ಕೊಂಡು ಕೂತ್ರೆ ಟೈಮ್ ಹೋಗಿರತ್ತೆ.

ನಾನು ಮಾಡೋದು ಹೀಗೆ. ಇನ್‌ಸ್ಟಾಲ್ ಆಗಿ ಅಪ್‌ಡೇಟ್ ಎಲ್ಲಾ ಮುಗಿದ್ಮೇಲೆ ನೆಟ್ ಇಟ್ಕೊಂಡೇ ಒಂದ್ಸಲ ಓಪನ್ ಮಾಡಿ ಆಟ ಶುರು ಮಾಡಿ ಒಂದು ಸೇವ್ ಆಗೋ ತನಕ ಹೋಗ್ತೀನಿ, ಆಮೇಲೆ ಕ್ಲೋಸ್ ಮಾಡಿ, ಸ್ಟೀಮನ್ನ ಮೆನುವಿಂದ ಗೋ ಆಫ್‌ಲೈನ್ ಕೊಟ್ಟು ಆಫ್‌ಲೈನ್ ಮಾಡಿ, ಕೇಬಲ್ ಕಿತ್ತು ವೈಫೈ ಆಫ್ ಮಾಡಿ, ಮಷೀನನ್ನೇ ರೀಸ್ಟಾರ್ಟ್ ಮಾಡ್ತೀನಿ. ರೀಸ್ಟಾರ್ಟ್ ಯಾಕೆ ಅಂದ್ರೆ ಕೆಲವು ಲಾಂಚರ್ ಹಿಂದಿನ ಲಾಗಿನ್ ಮೆಮೊರೀಲಿ ಇಟ್ಕೊಂಡಿರತ್ತೆ, ಆಗ ಆಫ್‌ಲೈನಲ್ಲೂ ಓಡ್ತಿದೆ ಅಂತ ಸುಳ್ಳು ಸಮಾಧಾನ ಆಗತ್ತೆ. ಈಗ ಗೇಮ್ ಓಪನ್ ಆಯ್ತಾ, ಮೆನು ದಾಟ್ತಾ, ಮೊದ್ಲು ಮಾಡಿದ ಸೇವ್ ಲೋಡ್ ಆಯ್ತಾ ನೋಡಿ. ಸೇವ್ ಪಟ್ಟಿ ಖಾಲಿ ಬಂದ್ರೆ ಅದು ಸರ್ವರಲ್ಲಿದೆ ಅಂತ ಅರ್ಥ.

ಆಮೇಲೆ ಉಲ್ಟಾ ಮಾಡಿ. ನೆಟ್ ಹಾಕಿ ಆಟ ಶುರು ಮಾಡಿ ನಡುವೆ ಕಿತ್ತುಬಿಡಿ, ಕಿತ್ತು ಐದು ನಿಮಿಷ ನೋಡಿ ಸರಿ ಇದೆ ಅಂತ ಎದ್ದು ಹೋಗ್ಬೇಡಿ. ಸಿಮ್‌ಸಿಟಿಲಿ ಸುಮಾರು 20 ನಿಮಿಷ ಆದ್ಮೇಲೆ ಹೊರಗೆ ಹಾಕ್ತಿದ್ದಿದ್ದು, ಅದಕ್ಕೆ ನಾನು ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತೀನೇ ಬಿಡ್ತೀನಿ. ಆ ಟೈಮಲ್ಲಿ ಒಂದು ಮಿಷನ್ ಮುಗಿಸಿ, ಐಟಮ್ ತಗೊಳ್ಳಿ, ಸೇವ್ ಮಾಡಿ, ಕ್ಲೋಸ್ ಮಾಡಿ ಮತ್ತೆ ಓಪನ್ ಮಾಡಿ ಆ ಐಟಮ್ ಇದೆಯಾ ನೋಡಿ. ಕೆಲವು ಗೇಮ್ ಆಫ್‌ಲೈನಲ್ಲಿ ಆಡೋಕೆ ಬಿಡತ್ತೆ, ಗಳಿಸಿದ್ದನ್ನ ಮಾತ್ರ ಇಟ್ಕೊಳ್ಳೋಕೆ ಬಿಡಲ್ಲ.

ಕೊನೇದಾಗಿ ಹತ್ತನೇ ದಿನ ಹತ್ರ ಬಂದಾಗ, ಮಧ್ಯದಲ್ಲಿ ಕೆಲವು ದಿನ ಗೇಮನ್ನ ಆನ್‌ಲೈನ್ ಹೋಗೋಕೆ ಬಿಡದೇ ಇಟ್ಟು, ಮತ್ತೊಮ್ಮೆ ಆಫ್‌ಲೈನಲ್ಲಿ ಓಪನ್ ಮಾಡಿ. ಟೋಕನ್ನಿಗೆ ಗಡುವು ಇದ್ರೆ ಮೊದಲ ದಿನದ ಟೆಸ್ಟಲ್ಲಿ ಗೊತ್ತಾಗಲ್ಲ. ಇದರಲ್ಲಿ ಎಲ್ಲಾದ್ರೂ ಫೇಲ್ ಆದ್ರೆ ರೀಫಂಡ್ ಹಾಕಿ, ಕಾರಣದ ಜಾಗದಲ್ಲಿ ಒಬ್ರೇ ಆಡೋ ಗೇಮ್ ಆಫ್‌ಲೈನಲ್ಲಿ ಓಡ್ತಿಲ್ಲ ಅಂತ ಸ್ಪಷ್ಟವಾಗಿ ಬರೀರಿ, ಅದನ್ನ ಯಾರಾದ್ರೂ ಎಣಿಸ್ತಾರೆ.

ಇಟ್ಕೊಳ್ಳೋದು ಅಂತ ತೀರ್ಮಾನ ಮಾಡಿದ್ಮೇಲೆ

ನೆಟ್ ಇರದ ಜಾಗಕ್ಕೆ ಹೋಗೋದು ಗೊತ್ತಿದ್ರೆ ಹಿಂದಿನ ದಿನಾನೇ ಅಪ್‌ಡೇಟ್ ಮುಗಿಸಿ ಗೇಮ್ ಒಂದ್ಸಲ ಓಪನ್ ಮಾಡಿ ಇಡಿ, ಡೆನುವೊ ಟೋಕನ್ ಹೊಸದಾಗಿ ಬಂದಿರತ್ತೆ. ಅದಾದ್ಮೇಲೆ ಮಷೀನಲ್ಲಿ ಏನನ್ನೂ ಮುಟ್ಬೇಡಿ. ಸ್ಟೀಮ್ ಡೆಕ್ ಅನ್ನೋ ಕೈಲಿ ಹಿಡಿದು ಆಡೋ ಮಷೀನ್ ಅಥವಾ ಲಿನಕ್ಸಲ್ಲಿ ಆಡೋರಿಗೆ ಇದು ಇನ್ನೂ ಮುಖ್ಯ, ವಿಂಡೋಸ್ ಗೇಮನ್ನ ಅಲ್ಲಿ ಓಡಿಸೋ ಪ್ರೋಟಾನ್ ಅನ್ನೋ ಸಾಫ್ಟ್‌ವೇರಿನ ವರ್ಷನ್ ಬದಲಾಯಿಸಿದ್ರೆ ಡೆನುವೊ ಅದನ್ನ ಹೊಸ ಮಷೀನ್ ಅಂತಾನೇ ಎಣಿಸತ್ತೆ, 24 ಗಂಟೇಲಿ 5 ಸಲ ದಾಟಿದ್ರೆ ಲಾಕ್ ಮಾಡತ್ತೆ, ಯಾವ ವರ್ಷನಲ್ಲಿ ಚೆನ್ನಾಗಿ ಓಡತ್ತೆ ಅಂತ ಒಂದೊಂದೇ ಟ್ರೈ ಮಾಡ್ತಾ ಹೋಗಿ ಒಂದು ದಿನ ಪೂರ್ತಿ ಹೊರಗೆ ಕೂತೋರು ಇದಾರೆ. ಪಿಎಸ್5ಲಿ ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ ಆನ್ ಇದೆಯಾ ನೋಡಿ, ಎಕ್ಸ್‌ಬಾಕ್ಸಲ್ಲಿ ಅದು ನಿಮ್ಮ ಹೋಮ್ ಎಕ್ಸ್‌ಬಾಕ್ಸ್ ಅಂತ ಸೆಟ್ ಆಗಿದೆಯಾ ನೋಡಿ, ಇದೊಂದು ಬಿಟ್ಟೋಗಿರೋದ್ರಿಂದಾನೇ ಡಿಜಿಟಲ್ ಗೇಮ್ ಓಪನ್ ಆಗದೇ ಇರೋದು ಬಹಳ ಸಲ.

ಆದ್ರೆ ಗೇಮೇ ಸರ್ವರಲ್ಲಿದ್ರೆ ಈ ಸೆಟ್ಟಿಂಗ್ ಯಾವುದೂ ಕಾಪಾಡಲ್ಲ. 2022ರ ಮಾರ್ಚಲ್ಲಿ ಗ್ರಾನ್ ಟುರಿಸ್ಮೊ 7ಗೆ ಒಂದು ಅಪ್‌ಡೇಟ್ ತೊಂದ್ರೆ ಆಗಿ ಸರ್ವರ್ 30 ಗಂಟೆಗೂ ಮೇಲೆ ಬಂದ್ ಇತ್ತು, ಒಬ್ರೇ ಕೂತು ಕಾರ್ ಓಡಿಸೋ ಭಾಗದ ಬಹುಪಾಲೂ ಆಗ ಸಿಗ್ಲಿಲ್ಲ. 2011ರ ಏಪ್ರಿಲಲ್ಲಿ ಪ್ಲೇಸ್ಟೇಷನ್ ನೆಟ್‌ವರ್ಕ್ ಹ್ಯಾಕ್ ಆಗಿ ಮೂರು ವಾರಕ್ಕೂ ಜಾಸ್ತಿ ಮುಚ್ಚಿದ್ದಾಗ ಕ್ಯಾಪ್‌ಕಾಮಿನ ಬಯೋನಿಕ್ ಕಮಾಂಡೊ ರಿಆರ್ಮ್ಡ್ 2 ಥರದ ಡೌನ್‌ಲೋಡ್ ಗೇಮ್ ಅಷ್ಟೂ ದಿನ ಸುಮ್ನೆ ಕೂತಿತ್ತು, ಓಪನ್ ಆಗೋಕೆ ಲಾಗಿನ್ ಬೇಕಿತ್ತು ಅನ್ನೋ ಒಂದೇ ಕಾರಣಕ್ಕೆ.

ಕ್ರ್ಯಾಕ್ ಹಾಕ್ಬೋದಾ ಅಂತ ಕೇಳೋರಿಗೆ ನನ್ನ ಉತ್ತರ ಬೇಡ ಅಂತ. ದುಡ್ಡು ಕೊಟ್ಟ ಗೇಮಿಗೇ ಆದ್ರೂ ಬೀಗ ಒಡೆಯೋದು ಎಷ್ಟೋ ದೇಶದ ಕಾನೂನಲ್ಲಿ ತಪ್ಪು, ಜೊತೆಗೆ ಎಲ್ಲಿಂದಲೋ ಇಳಿಸಿದ ಆ ಫೈಲಲ್ಲಿ ಬೇರೆ ಏನು ಸೇರಿಸಿದ್ದಾರೆ ಅಂತ ಚೆಕ್ ಮಾಡೋ ದಾರಿ ನಮ್ಮಂಥೋರಿಗಿಲ್ಲ. ಅಮೆರಿಕದಲ್ಲಿ 2015ರಲ್ಲಿ ಒಂದು ವಿನಾಯಿತಿ ಕೊಟ್ರು, ಕಂಪ್ನಿ ದೃಢೀಕರಣದ ಸರ್ವರ್ ಮುಚ್ಚಿಬಿಟ್ಟಿದ್ರೆ, ಸ್ವಂತ ಕಾಪೀನ ಒಬ್ರೇ ಆಡೋಕೆ ಆ ಚೆಕ್ ತೆಗಿಯೋದು ತಪ್ಪಲ್ಲ ಅಂತ, ಆದ್ರೆ ಗೇಮಿನ ಭಾಗಾನೇ ಸರ್ವರಲ್ಲಿದ್ರೆ ಆ ವಿನಾಯಿತಿಯಿಂದ ಪ್ರಯೋಜನ ಇಲ್ಲ, ತೆಗಿಯೋಕೆ ಬೀಗ ಇದ್ರೆ ತಾನೇ.

ಸರ್ವರ್ ಮುಚ್ತೀವಿ ಅಂತ ಹೇಳಿದ ದಿನ

ಯೂಬಿಸಾಫ್ಟಿನ ದ ಕ್ರೂ 2014ರ ಗೇಮು, ಒಬ್ರೇ ಆಡೋ ದೊಡ್ಡ ಕಥೆ ಇತ್ತು, 2023ರ ಡಿಸೆಂಬರಲ್ಲಿ ಮಾರಾಟ ನಿಲ್ಲಿಸಿ 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದ್ರು, ಆಮೇಲೆ ಕೆಲವರ ಲೈಬ್ರರೀಲಿ ಲೈಸೆನ್ಸನ್ನೇ ಹಿಂದಕ್ಕೆ ತಗೊಂಡ್ರು. ಈ ಒಂದು ಘಟನೆಯಿಂದ ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅಭಿಯಾನ ಶುರು ಮಾಡಿದ್ರು, ಸರ್ವರ್ ಶಾಶ್ವತವಾಗಿ ನಡೆಸಿ ಅಂತ ಕೇಳ್ತಿಲ್ಲ, ಮುಚ್ಚೋವಾಗ ಆಡೋ ಸ್ಥಿತೀಲಿ ಬಿಟ್ಟು ಹೋಗಿ ಅನ್ನೋದಷ್ಟೇ ಬೇಡಿಕೆ, ಯುರೋಪಿಯನ್ ಯೂನಿಯನ್ನಿಗೆ ಕೊಡೋ ಅರ್ಜಿಗೆ 2025ರ ಜುಲೈಲಿ 10 ಲಕ್ಷ ಸಹಿ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಡಿಜಿಟಲ್ ವಸ್ತು ಮಾರೋರು ನೀವು ತಗೋತಿರೋದು ಲೈಸೆನ್ಸ್ ಅಂತ ಸ್ಪಷ್ಟವಾಗಿ ಹೇಳ್ಬೇಕು ಅಂತ ಕಾನೂನು ಬಂತು, ಸ್ಟೀಮ್ ಅದಕ್ಕೂ ಮುಂಚೇನೇ 2024ರ ಅಕ್ಟೋಬರಲ್ಲಿ ಪೇಮೆಂಟ್ ಮಾಡೋ ಜಾಗದಲ್ಲಿ ಆ ಸಾಲು ಹಾಕ್ತು. ಯೂಬಿಸಾಫ್ಟ್ ಕೂಡ 2024ರ ಸೆಪ್ಟೆಂಬರಲ್ಲಿ ದ ಕ್ರೂ 2ಗೆ ಆಫ್‌ಲೈನ್ ಮೋಡ್ ತರ್ತೀವಿ ಅಂತ ಮಾತು ಕೊಡ್ತು. ಗೇಮ್ ಮಾಡೋರು ಇದನ್ನ ಓದ್ತಿದ್ರೆ ಕೈಮುಗಿದು ಕೇಳ್ಕೋತೀನಿ, ಈ ಆಫ್‌ಲೈನ್ ಮೋಡನ್ನ ಕೊನೇ ದಿನಕ್ಕೆ ಇಡ್ಬೇಡಿ, ಸರ್ವರ್ ಡಿಸೈನ್ ಮಾಡೋ ಮೊದಲ ದಿನಾನೇ ಯೋಚ್ನೆ ಮಾಡಿದ್ರೆ ಅದು ಎಷ್ಟೋ ಕಮ್ಮಿ ಕೆಲಸ.

ನಿಮ್ಮ ಹತ್ರ ಇರೋ ಗೇಮಿಗೆ ಇಂಥ ಸೂಚನೆ ಬಂದ್ರೆ ತಾರೀಕು ಬರೆದಿಟ್ಕೊಳ್ಳಿ, ಕೊನೇ ಪ್ಯಾಚ್ ಇದೆಯಾ ವಿಚಾರಿಸಿ. ಗ್ರಾನ್ ಟುರಿಸ್ಮೊ ಸ್ಪೋರ್ಟ್ 2024ರ ಜನವರಿ 31ಕ್ಕೆ ಆನ್‌ಲೈನ್ ಮುಚ್ಚಿತು, ಮುಚ್ಚೋಕೂ ಮುಂಚೆ ಸೇವ್ ಎಲ್ಲಾ ಆಫ್‌ಲೈನಲ್ಲಿ ಇರೋ ಹಾಗೆ ಅಪ್‌ಡೇಟ್ ಕೊಟ್ರು, ಈಗಲೂ ಒಬ್ರೇ ಆಡ್ಬೋದು. ನಾಕೌಟ್ ಸಿಟಿ 2023ರಲ್ಲಿ ನಿಂತಾಗ ಆಡೋರೇ ಸರ್ವರ್ ನಡೆಸ್ಕೊಳ್ಳೋ ಪಿಸಿ ವರ್ಷನ್ ಬಿಟ್ಟು ಹೋದ್ರು. ಅಂಥದ್ದು ಬಂದ್ರೆ ತಕ್ಷಣ ಇಳಿಸಿ, ಇನ್‌ಸ್ಟಾಲರ್ ಇದ್ರೆ ಅದನ್ನೂ ಸೇವ್ ಫೋಲ್ಡರನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಕ್ಲೌಡ್ ಸೇವ್ ಮಾತ್ರ ಇದ್ರೆ ಅದನ್ನ ಮಷೀನಿಗೆ ತಂದ್ಕೊಳ್ಳಿ. ಆಮೇಲೆ ಸರ್ವರ್ ಇನ್ನೂ ಇರೋವಾಗ್ಲೇ ಮತ್ತೊಂದ್ಸಲ ಕೇಬಲ್ ಕಿತ್ತು, ಮಷೀನ್ ರೀಸ್ಟಾರ್ಟ್ ಮಾಡಿ, ಅರ್ಧ ಗಂಟೆ ಆಡಿ ನೋಡಿ, ಏನಾದ್ರೂ ಬಾಕಿ ಉಳಿದಿದ್ರೆ ಇಳಿಸ್ಕೊಳ್ಳೋಕೆ ಸಾಧ್ಯ ಇರೋದು ಆಗ ಮಾತ್ರ.